ದಪ್ಪ ಹಲ್ಲಿನ ಟೈರು

ಶತ್ರು ಉದ್ಧಾರವಾದರೆ ಮನುಷ್ಯ ಹೇಗೋ ತಡೆದುಕೊಳ್ಳುತ್ತಾನೆ. ಷಡ್ಡಕ ಉದ್ಧಾರವಾದರೆ ತಡೆದುಕೊಳ್ಳುವುದು ಕಷ್ಟ. ಶತ್ರುವಿನ ಸುದ್ದಿಯನ್ನು ಊಟಕ್ಕೆ ಕೂತಾಗ ಯಾರೂ ಬಡಿಸುವುದಿಲ್ಲ. ಷಡ್ಡಕನ ಸುದ್ದಿ ಸಾರಿನ ಜೊತೆಗೇ ತಾಟಿಗೆ ಬೀಳುತ್ತದೆ.

ಮುಕುಂದನ ತಾಟಿಗೆ ಅದು ಹನ್ನೆರಡು ವರ್ಷದಿಂದ ಬೀಳುತ್ತಿತ್ತು. ಗೋಪಾಲ ಸೇಡಂ ರಸ್ತೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಹಾಕಿದನಂತೆ. ಗೋಪಾಲ ಕಮಲಾಪುರದ ಆಚೆ ಕೆಂಪು ಬಾಳೆಯ ತೋಟ ಹಿಡಿದನಂತೆ. ಗೋಪಾಲ ಅತ್ತೆ ಸಕ್ಕೂಬಾಯಿಯವರನ್ನು ಪಂಢರಪುರಕ್ಕೆ ಕರೆದೊಯ್ದು ತಂದನಂತೆ. ಬಡಿಸುವವಳು ಹೆಂಡತಿ ಪಾರ್ವತೀಬಾಯಿಯೇ, ಯಾಕೆಂದರೆ ಗೋಪಾಲನ ಹೆಂಡತಿ ಮುಕ್ತಾಬಾಯಿ ಅವಳ ಬೆನ್ನಿಗೆ ಬಿದ್ದ ತಂಗಿ. ಟೆಲಿಫೋನ್ ಕಚೇರಿಯ ಗುಮಾಸ್ತ ಮುಕುಂದ ಎಲ್ಲವನ್ನೂ ಅನ್ನದ ಜೊತೆ ನುಂಗಿಕೊಂಡು ಬಂದಿದ್ದ.

ನುಂಗಲು ಆಗುತ್ತಿದ್ದದ್ದಕ್ಕೆ ಕಾರಣವಿತ್ತು. ಗೋಪಾಲನ ಬಳಿ ಇಲ್ಲದ ಒಂದು ಆಸ್ತಿ ಅವನ ಬಳಿ ಇತ್ತು: ಮೋಟಾರುಗಾಡಿಗಳ ತಿಳಿವಳಿಕೆ. ಜಗತ್ ಸರ್ಕಲ್ಲಿನ ಅಲ್ಲಾವುದ್ದೀನನ ರದ್ದಿ ಅಂಗಡಿಗೆ ಹಳೆಯ ವಿಲಾಯತಿ ಮೋಟಾರು ಪತ್ರಿಕೆಗಳು ಬಂದರೆ ಮೊದಲು ಮುಕುಂದನಿಗೇ ತೆಗೆದಿಡುತ್ತಿದ್ದರು. ಮರಳಿನಲ್ಲಿ ಟೈರಿನ ಗಾಳಿ ಎಷ್ಟು ಇಳಿಸಬೇಕು, ಹಳ್ಳ ದಾಟುವಾಗ ಯಾವ ಗೇರಿನಲ್ಲಿರಬೇಕು, ಎಲ್ಲವೂ ಅವನ ಬಾಯಲ್ಲಿತ್ತು. ಡ್ರೈವಿಂಗ್ ಶಾಲೆಯಲ್ಲಿ ಕಲಿತು ಪಡೆದ ಲೈಸೆನ್ಸೂ ಕಿಸೆಯಲ್ಲಿತ್ತು. ಕಚೇರಿಗೆ ಹೋಗುತ್ತಿದ್ದದ್ದು ಲೂನಾದ ಮೇಲೆ. ಆದರೂ ಬಳಗದಲ್ಲಿ ಯಾರು ಗಾಡಿ ಕೊಂಡರೂ ಅವನನ್ನು ಕೇಳದೆ ಕೊಳ್ಳುತ್ತಿರಲಿಲ್ಲ. ಆಗ ಪಾರ್ವತೀಬಾಯಿ ಪಡಸಾಲೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆ ಹೊತ್ತಿನ ಅವಳ ಮುಖ ಮುಕುಂದನಿಗೆ ಬೇಕಾಗಿತ್ತು.

ತೊಂಬತ್ನಾಲ್ಕರ ಏಪ್ರಿಲ್‌ನ ಒಂದು ಭಾನುವಾರ, ಶರಣಬಸವೇಶ್ವರ ಗುಡಿಯ ಹಿಂದಿನ ಅವನ ಬಾಡಿಗೆ ಮನೆಯ ಮುಂದೆ ಒಂದು ಬಿಳಿಯ ಜಿಪ್ಸಿ ಬಂದು ನಿಂತಿತು. ಒಂಬತ್ತು ವರ್ಷದಿಂದ ಚಿತ್ರಗಳಲ್ಲಿ ನೋಡುತ್ತ, ಒಂದೊಂದು ಬೋಲ್ಟನ್ನೂ ಮುಕುಂದ ಅರಿತಿದ್ದ ಗಾಡಿ. ಒಳಗಿನಿಂದ ಇಳಿದವನು ಗೋಪಾಲ.

"ಹೈದರಾಬಾದಿನಾಗ ಸೆಕೆಂಡ್ ಹ್ಯಾಂಡ್ ಸಿಕ್ತು ನೋಡ್ರಿ, ಮುಕುಂದರಾವ್," ಎಂದ ಗೋಪಾಲ. "ತೋಟಕ್ಕ ಬೇಕಾಗಿತ್ತು. ಆದ್ರ ಟೈರ್ ಪೂರಾ ಬೋಳು ಆಗ್ಯಾವ. ಯಾವ ಟೈರ್, ಏನೇನು ಹಾಕಿಸಬೇಕು, ನೀವs ಹೇಳ್ಬೇಕು. ನನಗ ಪಂಪ್ ಬಿಟ್ರ ಏನ್ ತಿಳೀತದ?"

ಬಾನೆಟ್ಟಿನ ಮೇಲೆ ಕೈಯಿಟ್ಟ ಮುಕುಂದ, ಬಿಸಿ ತಟ್ಟಿದರೂ ತೆಗೆಯಲಿಲ್ಲ. "ಮದಲs ಕೇಳಿದ್ರ ಇದಕ್ಕಿಂತ ಛಲೋ ಗಾಡಿ ಕೊಡಿಸ್ತಿದ್ದೆ," ಎಂದ.

"ಇರವಲ್ದಾಕ, ಬಿಡ್ರಿ," ಎಂದು ಗೋಪಾಲ ನಕ್ಕ. ಅವನು ನಕ್ಕರೆ ಓಣಿಯ ಮೂರು ಮನೆಗೆ ಕೇಳಿಸುತ್ತಿತ್ತು.

ಸೇಡಂ ರಸ್ತೆಯಲ್ಲಿ ಚಾಂದಪಾಶಾನ ಟೈರಂಗಡಿ. ಇಬ್ಬರೂ ಅಲ್ಲಿಗೆ ಹೋದಾಗ ನಾಲ್ಕೈದು ಗಿರಾಕಿಗಳು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಚಾಂದಪಾಶಾ ಎರಡು ಬಗೆಯ ಟೈರು ಉರುಳಿಸಿಕೊಂಡು ಬಂದ. ಒಂದು ಮಿಲಿಟರಿ ಜೀಪಿನದರಂತೆ ಅಗಲದಲ್ಲಿ ಸಣ್ಣದು, ಎತ್ತರದ್ದು. ಇನ್ನೊಂದು ಗೇಣಿಗಿಂತ ಅಗಲ, ಬದಿಗೆಲ್ಲ ದಪ್ಪ ದಪ್ಪ ರಬ್ಬರಿನ ಹಲ್ಲು, ಜಪಾನಿನ ಮಾಲು.

"ಜಮೀನು ಯಾವ್ದು, ಸಾಬ? ಮಸಾರಿ ಏನು ಯರಿ?"

"ಕಮಲಾಪುರದ ತನಕ ಕೆಂಪು ಮಸಾರಿ," ಎಂದ ಗೋಪಾಲ. "ರೋಡು ಬಿಟ್ಟು ತೋಟಕ್ಕ ಹೋಗಾಕ ಒಂದು ಮೈಲು ಕರೀ ಯರಿ."

ಉತ್ತರ ಮುಕುಂದನ ನಾಲಿಗೆಯ ತುದಿಯಲ್ಲೇ ಇತ್ತು. ಅದಕ್ಕೆ ಯಾವ ಪತ್ರಿಕೆಯೂ ಬೇಕಿರಲಿಲ್ಲ. ಒದ್ದೆಯಾದ ಎರೆಮಣ್ಣಿನಲ್ಲಿ ಸಣ್ಣ ಗಾಲಿ ಕೊಯ್ದುಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅಗಲದ ಹಲ್ಲಿನದಕ್ಕೆ ಮಣ್ಣು ಮೆತ್ತಿ ಮೆತ್ತಿ, ಹಲ್ಲೆಲ್ಲ ಮುಚ್ಚಿ, ಅದು ಎಣ್ಣೆ ಹಚ್ಚಿದ ಲಟ್ಟಣಿಗೆಯಾಗುತ್ತದೆ. ಈ ಸೀಮೆಯಲ್ಲಿ ಎತ್ತಿನ ಗಾಡಿ ಮಾಡುವ ಬಡಿಗನಿಗೂ ಗೊತ್ತಿರುವ ಮಾತು. ಸಣ್ಣದು ಎನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಗೋಪಾಲ ಬೆಂಚಿನವರ ಕಡೆ ತಿರುಗಿ, "ಇವ್ರು ನಮ್ಮ ಷಡ್ಡಕರು. ಇವರ ಕಡೆ ಗಾಡಿ ಇಲ್ಲ ಖರೆ, ಆದ್ರ ಗಾಡಿ ವಿಷಯದಾಗ ಇವರಿಗೆ ಗೊತ್ತಿಲ್ಲದ್ದಿಲ್ಲ," ಎಂದ.

ಹೊಗಳಿಕೆಯೇ. ಬೆಂಚಿನವರು ಮೊದಲರ್ಧಕ್ಕೆ ನಕ್ಕರು.

"ಅಗಲಂದು ಹಾಕ್ಸ್ರಿ," ಎಂದ ಮುಕುಂದ.

ಚಾಂದಪಾಶಾ ಹುಬ್ಬೇರಿಸಿದ. "ಸಾಬ, ಯರ್ಯಾಗ ಅದು ನಕ್ಕೋ, ಬ್ಯಾಡ. ಅದು ಖಾಲಿ ದಿಖಾವಾ, ನೋಡಾಕಷ್ಟs ಛಂದ."

"ಹೊರದೇಶದಾಗ ಎಲ್ಲಾರೂ ಇದನ್ನs ಹಾಕ್ತಾರ." ಮುಕುಂದನಿಗೆ ಕಾಣುತ್ತಿದ್ದದ್ದು ಹೊರದೇಶವಲ್ಲ, ಮಳೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಇಸ್ತ್ರಿ ಬಟ್ಟೆಯಲ್ಲಿ ಗಾಡಿ ನೂಕುತ್ತಿರುವ ಗೋಪಾಲ. ಒಮ್ಮೆ ಸಾಕು. ಒಮ್ಮೆ ಅದನ್ನು ನೋಡಿದರೆ ಹನ್ನೆರಡು ವರ್ಷ ನುಂಗಿದ್ದು ಅರಗುತ್ತದೆ.

ಗೋಪಾಲ ಒಂದು ಗಳಿಗೆ ಎರಡೂ ಟೈರು ನೋಡಿದ. ಆಮೇಲೆ, "ಮುಕುಂದರಾವ್ ಹೇಳಿದ ಮ್ಯಾಲ ಮುಗೀತು," ಎಂದ.

ಅಗಲದ ಟೈರು ಹಾಕಿದರೆ ಸ್ಟೇರಿಂಗ್ ಪೂರ್ತಿ ತಿರುವಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಅದಕ್ಕೆ ಗಾಡಿಯನ್ನೇ ಎರಡು ಇಂಚು ಎತ್ತರಿಸಬೇಕು. ಎತ್ತರಿಸಿದ ಮೇಲೆ ಮುಂದೆ ಕಬ್ಬಿಣದ ಗಾರ್ಡು ಬೇಕು, ಗಾರ್ಡಿನ ಮೇಲೆ ಹಳದಿ ದೀಪ ಬೇಕು, ತಲೆಯ ಮೇಲೆ ಕ್ಯಾರಿಯರ್ ಬೇಕು. ಮುಂದಿನ ಹದಿನೈದು ದಿನ ಮುಕುಂದ ಕಚೇರಿ ಬಿಟ್ಟೊಡನೆ ಮೈಬೂಬನ ಗ್ಯಾರೇಜಿಗೆ ಓಡುತ್ತಿದ್ದ. ಗಾಡಿಯ ಕೆಳಗೆ ನುಸುಳಿ, "ಇನ್ನs ಒಂದು ವಾಶರ್ ಕೂಡಸು, ಮೈಬೂಬ," ಎಂದು ಹೇಳುತ್ತಿದ್ದ. ಆ ದಿನಗಳಲ್ಲಿ ಟೈರಿನ ಮೋಸ ಅವನಿಗೆ ನೆನಪಿಗೇ ಬರಲಿಲ್ಲ. ಗಾಡಿ ತನ್ನದೇ ಎಂಬಂತೆ ಚಂದ ನಿದ್ದೆ ಬಂತು.

ಗಾಡಿ ಸಿದ್ಧವಾಗಿ ಸಕ್ಕೂಬಾಯಿಯವರ ಮನೆಯೆದುರು ನಿಂತಾಗ ಅವರು ಆರತಿ ಮಾಡಿ, "ಗೋಪಾಲ ಏನ್ ಛಂದ ಮಾಡಿಸ್ಯಾನ ನೋಡs! ಆನಿ ನಿಂತ್ಹಾಂಗ ಅದ," ಎಂದರು. ಗೋಪಾಲ, "ಅತ್ತಿ, ಎಲ್ಲಾ ಮುಕುಂದರಾವ್‌ರದ," ಎಂದ. ಮುದುಕಿ, "ಎಷ್ಟ್ ತಗ್ಗಿ ನಡೀತಾನವಾ," ಎಂದು ಗೋಪಾಲನ ಕೆನ್ನೆ ಸವರಿ ನೆಟಿಕೆ ಮುರಿದರು. ಅಂದು ಮುಕುಂದನಿಗೆ ಟೈರು ನೆನಪಾಯಿತು. ಜೂನ್ ಮೊದಲಿನ ಮಿರಗದ ಮಳೆ ಯಾವಾಗ ಎಂದು ಪಂಚಾಂಗ ನೋಡಿದ.

ಮಳೆ ಬಂದ ಮೂರನೆಯ ದಿನ ಗೋಪಾಲ ಎಲ್ಲರನ್ನೂ ತೋಟಕ್ಕೆ ಹೊರಡಿಸಿದ. ಹಿಂದಿನ ಸೀಟುಗಳಲ್ಲಿ ಸಕ್ಕೂಬಾಯಿ, ಅಕ್ಕ, ತಂಗಿ, ಬುತ್ತಿಯ ಡಬ್ಬಿಗಳು. ಮುಂದೆ ಷಡ್ಡಕರಿಬ್ಬರು. ಊರು ದಾಟಿ ಹುಮನಾಬಾದ ರಸ್ತೆಗೆ ಬಂದ ಮೇಲೆ ಗೋಪಾಲ ಗಾಡಿಯನ್ನು ಬದಿಗೆ ನಿಲ್ಲಿಸಿ ಕೆಳಗಿಳಿದ.

"ಬರ್ರಿ ಈ ಕಡೆ. ನೀವs ಹೊಡೀರಿ."

"ಯಾಕ?"

"ಯಾಕ ಅಂದ್ರ? ಇಷ್ಟೆಲ್ಲಾ ಮಾಡಿಸಿದವರು ನೀವು. ಒಮ್ಮೆರೆ ಹೊಡೀಬ್ಯಾಡೇನು?"

ಮುಕುಂದ ಕೂತ. ಗಾಡಿ ಅವನ ಕಾಲಿನ ಮಾತು ಕೇಳಿತು. ಕಮಲಾಪುರದ ಕೆಂಪು ಏರುಗಳಲ್ಲಿ, ಜಲ್ಲಿಯ ತಿರುವುಗಳಲ್ಲಿ, ಅಗಲ ಟೈರು ನೆಲವನ್ನು ಕಚ್ಚಿಕೊಂಡು ಓಡಿತು. ಕನ್ನಡಿಯಲ್ಲಿ ಪಾರ್ವತೀಬಾಯಿ ಅವನನ್ನೇ ನೋಡುತ್ತಿದ್ದಳು, ಪಡಸಾಲೆಯ ಬಾಗಿಲಿನ ಅದೇ ಮುಖ. ಈ ರಸ್ತೆ ಮುಗಿಯಬಾರದು ಎಂದುಕೊಂಡ.

ಕಮಲಾಪುರ ದಾಟಿ ತೋಟದ ದಾರಿಗೆ ಹೊರಳಿದೊಡನೆ ನೆಲ ಕಪ್ಪಾಯಿತು. ಮಿರಮಿರ ಮಿಂಚುವ ಹಸಿ ಎರೆ. ಮುಕುಂದ ಬ್ರೇಕು ಒತ್ತಿದ.

ಇಲ್ಲಿ ಈ ಟೈರು ನಡೆಯುವುದಿಲ್ಲ ಎಂದು ಹೇಳಿದರೆ ಮುಗಿಯುತ್ತದೆ. ಒಂದು ಮೈಲು ನಡೆದು ಹೋಗಬಹುದು. ಆದರೆ ಹಾಗೆ ಹೇಳಿದರೆ, ಗೊತ್ತಿದ್ದೂ ಯಾಕೆ ಹಾಕಿಸಿದೆ ಎಂದು ಕನ್ನಡಿಯೊಳಗಿನ ಆ ಮುಖವೇ ಕೇಳುತ್ತದೆ.

"ಯಾಕ ನಿಂತ್ರಿ, ಭಾವ?" ಹಿಂದಿನಿಂದ ಮುಕ್ತಾಬಾಯಿ.

ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಸಣ್ಣ ಲಿವರ್ ಎಳೆದು ಮುಕುಂದ ಗಾಡಿ ಬಿಟ್ಟ. ನೂರು ಮಾರು ಹೋಯಿತು. ಆಮೇಲೆ ಮುಂದಿನ ಗಾಲಿಗಳು ಎತ್ತ ತಿರುವಿದರೂ ನೇರ ಹೋದವು, ಹಿಂದಿನವು ಅಡ್ಡ ಹೋದವು. ಆನೆಯಂಥ ಗಾಡಿ ನಿಧಾನಕ್ಕೆ, ನಾಚಿಕೆಯಿಲ್ಲದೆ ಜಾರಿ, ಬದುವಿಗೆ ಒರಗಿ ನಿಂತುಬಿಟ್ಟಿತು.

"ವಿಠ್ಠಲಾ," ಎಂದರು ಸಕ್ಕೂಬಾಯಿ. "ಎತ್ತಿನ ಗಾಡ್ಯಾಗ ಬಂದಿದ್ರ ಇಷ್ಟೊತ್ತಿಗೆ ಉಂಡು ಮಲಗಿರ್ತಿದ್ವಿ."

ಗೋಪಾಲ ಇಳಿದ. ಎರಡು ಹೆಜ್ಜೆಗೆ ಚಪ್ಪಲಿ ಮಣ್ಣಿನಲ್ಲುಳಿಯಿತು. ಪ್ಯಾಂಟು ಮೊಣಕಾಲಿಗೆ ಮಡಚಿ, ಸೀಟಿನಡಿಯ ಕುಡಗೋಲು ತೆಗೆದುಕೊಂಡು ಹಲ್ಲುಗಳ ಸಂದಿಯ ಮಣ್ಣು ಕೆರೆಯಲು ಕೂತ. ಬಿಳಿ ಅಂಗಿಯ ತುಂಬ ಕೆಸರು. ಮುಕುಂದ ಎರಡು ತಿಂಗಳು ಕಾದ ನೋಟ ಇದೇ. ಆದರೆ ಕೆಸರೂ ಅವನಿಗೆ ಒಪ್ಪುತ್ತಿತ್ತು! ಹುಡುಗನಂತೆ ಕಾಣುತ್ತಿದ್ದ.

ಮುಕುಂದ ಹತ್ತಿರ ಹೋಗಿ ಕೂತ. ಗೋಪಾಲ ಮೆಲ್ಲಗೆ, "ಚಾಂದಪಾಶಾ ಹೇಳಿದ್ದು ಖರೆ ಇತ್ತು ನೋಡ್ರಿ," ಎಂದ.

"ನಿಮಗ ಅವತ್ತs ಗೊತ್ತಾಗಿತ್ತೇನು?"

"ಯರಿ ಹೊಲದವನು ನಾನು. ಗೊತ್ತಾಗ್ಲಾರದೇನು?"

"ಮತ್ತ ಯಾಕ ಹಾಕ್ಸಿದ್ರಿ?"

"ನಾಲ್ಕು ಮಂದಿ ಮುಂದ ನಿಮ್ಮ ಮಾತು ತಗದು ಹಾಕ್ಲೇನು? ಮುಂದ ಸುಮ್ನ ಬದಲಾಯಿಸಿದ್ರಾತು ಅಂದೆ." ಗೋಪಾಲ ಇನ್ನೊಂದು ಹೆಂಟೆ ಕಿತ್ತು ಎಸೆದ.

ಮುಕುಂದನೂ ಒಂದು ಹೆಂಟೆಗೆ ಕೈ ಹಾಕಿದ. ತನ್ನದೆಂದಿದ್ದ ಒಂದೇ ಆಸ್ತಿಯೂ ಇವನು ದಯೆಯಿಂದ ಬಿಟ್ಟುಕೊಟ್ಟದ್ದಾಗಿತ್ತು.

"ಯಾರವಾ ಈ ಸುಡುಗಾಡು ಗಾಲಿ ಆರಿಸಿದವರು?" ಗಾಡಿಯೊಳಗಿನಿಂದ ಸಕ್ಕೂಬಾಯಿ ಕೂಗಿದರು.

"ನಾನs, ಅತ್ತಿ!" ಎಂದ ಗೋಪಾಲ ಥಟ್ಟನೆ. "ಮುಕುಂದರಾವ್ ಬ್ಯಾಡಂದ್ರು. ನನಗs ಶೋಕಿ."

ಮುಕುಂದ ಎದ್ದುನಿಂತ. ಹೊಗಳಿಕೆ ಒಯ್ದ, ಈಗ ತಪ್ಪನ್ನೂ ಒಯ್ಯುತ್ತಾನೆ. "ಸುಳ್ಳು!" ಎಂದು ಚೀರಿದ. "ಆರಿಸಿದವನು ನಾನು. ಇಲ್ಲಿ ಸಿಗಬೀಳ್ತದ ಅಂತ ಗೊತ್ತಿದ್ದs ಆರಿಸೀನಿ. ಬೇಕಂತs!"

ಸಕ್ಕೂಬಾಯಿ ನಕ್ಕರು. "ಸಾಕ್ರಿ, ಅಳಿಯಂದ್ರ. ಅವನ ಮರ್ಯಾದಿ ಉಳಸಾಕ ಇಷ್ಟು ದೊಡ್ಡ ಸುಳ್ಳು ಹೇಳಬ್ಯಾಡ್ರಿ. ನೀವೂ ಭಾಳ ಛಲೋ ಮನಷ್ಯಾ ಇದ್ದೀರಿ." ಮುಕ್ತಾಬಾಯಿಯೂ ನಕ್ಕಳು.

ಪಾರ್ವತೀಬಾಯಿ ನಗಲಿಲ್ಲ. ಕಚ್ಚೆ ಮೇಲೆತ್ತಿ ಕಟ್ಟಿ ಕೆಳಗಿಳಿದಳು. ಗಂಡನ ಮುಖ ನೋಡದೆ ಗಾಡಿಯ ಹಿಂದೆ ಹೋಗಿ, ನೂಕಲು ಬಂದ ಗೋಪಾಲನ ಪಕ್ಕದಲ್ಲಿ ಕೈ ಕೊಟ್ಟು ನಿಂತಳು.

"ಚಾಲೂ ಮಾಡ್ರಿ," ಎಂದಳು.

ಮುಕುಂದ ಹತ್ತಿ ಎಂಜಿನ್ ಎಬ್ಬಿಸಿದ. ಗಾಲಿಗಳು ಗಿರ್ರನೆ ತಿರುಗಿ, ಕರಿಯ ಕೆಸರು ಹಿಂದೆ ಸಿಡಿಯಿತು. ಕನ್ನಡಿಯಲ್ಲಿ ಇಬ್ಬರ ಮುಖವೂ ಕಪ್ಪಾದದ್ದು ಕಾಣಿಸಿತು. ಗೋಪಾಲ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತ ಏನೋ ಹೇಳಿದ. ಪಾರ್ವತೀಬಾಯಿ ತಲೆ ಹಿಂದಕ್ಕೆ ಹಾಕಿ ನಕ್ಕಳು. ಹನ್ನೆರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ಮುಕುಂದ ನೋಡಿರಲಿಲ್ಲ.

ಏನು ಹೇಳಿದನೆಂದು ತಿಳಿಯಲು ಎಂಜಿನ್ ನಿಲ್ಲಿಸಬೇಕಿತ್ತು. ಮುಕುಂದ ಇನ್ನಷ್ಟು ಜೋರಾಗಿ ಕಾಲು ಒತ್ತಿದ.