ಶಿವಶರಣಪ್ಪನ ಮೋಟರು ಗಾಲಿ

ಶಿವಶರಣಪ್ಪನ ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು. ಅವನ ಬಲ ಮೊಣಕಾಲಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸನತ್‌ನಗರದ ವಾಲ್ವ್ ಕಾರ್ಖಾನೆಯಲ್ಲಿ ಅವನು ಮೂವತ್ತೊಂದು ವರ್ಷದಿಂದ ಫಿಟ್ಟರ್. ಮಲ್ಕಾಜ್‌ಗಿರಿಯ ಮನೆಯಿಂದ ಅಲ್ಲಿಗೆ ದಿನಾ ಸೈಕಲ್ಲು. ಬಸ್ಸಾದರೆ ಎರಡು ಬದಲಿಸಬೇಕು, ನೂಕುನುಗ್ಗಲಿನಲ್ಲಿ ಮೆಟ್ಟಿಲು ಹತ್ತಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸ್ಟಾಪಿನಿಂದ ಗೇಟಿನವರೆಗೆ ಎಲ್ಲರ ಕಣ್ಣೆದುರು ಕುಂಟಬೇಕು. ಸೈಕಲ್ ಮೇಲೆ ಕುಳಿತವನ ಕುಂಟು ಯಾರಿಗೆ ಕಾಣುತ್ತದೆ? ನಿಂತು ದುಡಿಯಲಾಗದ ಇಬ್ಬರನ್ನು ಮಾಲೀಕರು ಹಿಂದಿನ ವರ್ಷವೇ ಮನೆಗೆ ಕಳಿಸಿದ್ದರು. ಮೂರನೆಯವನು ತಾನಾಗಬಾರದೆಂದು ಒಂದೂವರೆ ವರ್ಷದಿಂದ ಹಲ್ಲು ಕಚ್ಚಿಕೊಂಡು ಪೆಡಲ್ ತುಳಿಯುತ್ತಿದ್ದ.

ದಿನಾ ಸಂಜೆ ಆ ಕಾಲಿಗೆ ಎಣ್ಣೆ ತಿಕ್ಕುವ ಹೆಂಡತಿ ಗುರುಬಾಯಿಗೆ ಮಾತ್ರ ಸಂಗತಿ ಗೊತ್ತು. ಅವಳ ಹೊಟ್ಟೆಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಮದುವೆಯಾಗಿ ಸಿಕಂದರಾಬಾದಿನಲ್ಲಿದ್ದ ಮಗಳು ರಶ್ಮಿಗೆ ಹೇಳಿಬಿಟ್ಟಳು. ರಶ್ಮಿ ಹಳೇ ಸೈಕಲ್ಲಿಗೆ ಹಾಕುವ ಮೋಟರ್ ಕಿಟ್ ತರಿಸಿ ಕಳಿಸಿದಳು. ನಡುವೆ ಮೋಟರು ಕೂಡಿಸಿದ ಮುಂದಿನ ಗಾಲಿ, ಕ್ಯಾರಿಯರ್ ಮೇಲಿಡುವ ಬ್ಯಾಟರಿ, ಹ್ಯಾಂಡಲಿಗೆ ತಿರುವುವ ಹಿಡಿ.

"ಅಂಗಡ್ಯಾಗ ಕೊಟ್ಟು ಹಾಕಿಸ್ರಿ," ಎಂದಳು ಗುರುಬಾಯಿ.

"ಮೀನಿಗೆ ಈಜು ಕಲಸ್ತೀಯೇನು ನೀ?"

"ನನಗ್ಯಾಕ್ರಿ. ಮಗಳು ಫೋನಿನಾಗ ಹೇಳ್ಯಾಳ, ಅದಕ್ಕ ಹೇಳಿದೆ."

ಭಾನುವಾರ ಮನೆ ಮುಂದೆ ಗೋಣಿತಟ್ಟು ಹಾಸಿಕೊಂಡು ಕುಳಿತ. ಹೊಸ ಗಾಲಿಯ ಅಚ್ಚು ದಪ್ಪ, ಅದನ್ನು ಹಿಡಿಯಬೇಕಾದ ಸೈಕಲ್ಲಿನ ಫೋರ್ಕಿನ ಸೀಳು ಸಣ್ಣದು. ಅರದಿಂದ ಎರಡೆರಡೇ ಸಲ ಉಜ್ಜಿ, ಅಳೆದು, ಮತ್ತೆ ಉಜ್ಜಿ, ಕೂದಲೆಳೆಯಷ್ಟೂ ಸಡಿಲಿಲ್ಲದಂತೆ ಅಚ್ಚನ್ನು ಕೂರಿಸಿದ. ಕೆಲಸ ಮುಗಿದಾಗ ಕಿಟ್ಟಿನ ಡಬ್ಬಿಯಲ್ಲಿ ಎರಡು ದಪ್ಪ ವಾಷರು ಉಳಿದಿದ್ದವು, ಒಂದೊಂದರ ಅಂಚಿನಲ್ಲೂ ಚಾಚಿಕೊಂಡ ಚಿಕ್ಕ ನಾಲಿಗೆ. ಶಿವಶರಣಪ್ಪನ ಶಾಸ್ತ್ರದಲ್ಲಿ ವಾಷರು ಎಂದರೆ ಕೈಲಾಗದವನು ಸಡಿಲು ಮುಚ್ಚಲು ಹಾಕುವ ತೇಪೆ. ಕಾರ್ಖಾನೆಗೆ ಬಂದ ಹೊಸಬರಿಗೆಲ್ಲ ಇದನ್ನೇ ಬೈದು ಬೈದು ಕಲಿಸಿದ್ದ. ಕಿಟ್ಟಿನ ಜೊತೆ ಬಂದ ಕಾಗದದಲ್ಲಿ ಏನು ಬರೆದಿದೆ ಎಂದು ಓದಲೂ ಇಲ್ಲ, ಅವೆರಡನ್ನೂ ಮೊಳೆಯ ಡಬ್ಬಿಗೆ ಎಸೆದ.

ಸೋಮವಾರ ಮುಂಜಾನೆ ಹಿಡಿ ತಿರುವಿದ ಕೂಡಲೇ ಸೈಕಲ್ಲು ತಾನಾಗಿಯೇ ಹೊರಟಿತು. ಸಿಕಂದರಾಬಾದ್ ಸ್ಟೇಷನ್ ದಾಟುವವರೆಗೂ ಕಾಲನ್ನು ಪೆಡಲ್ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದ. ನೋವಿಲ್ಲದ ಮುಂಜಾನೆ ಹೇಗಿರುತ್ತದೆಂಬುದೇ ಅವನಿಗೆ ಮರೆತುಹೋಗಿತ್ತು. ಹದಿನಾಲ್ಕು ತಿಂಗಳು ಏನು ಮಹಾ ಎನಿಸಿತು.

ಬೇಗಂಪೇಟೆಯ ಏರಿನಲ್ಲಿ ಹಿಡಿಯನ್ನು ಪೂರ್ತಿ ತಿರುವಿದ. ಕಟಕ್ ಎಂಬ ಸದ್ದು ಬಂತು, ಗಾಲಿ ನಿಂತಿತು, ಒಳಗಿನ ಅಚ್ಚು ಗಿರ್ರನೆ ತಿರುಗಿತು. ಹಳೇ ಫೋರ್ಕಿನ ಮೆತ್ತನೆಯ ತಗಡಿನ ಸೀಳನ್ನು ಅದು ಅಗಲಿಸಿಬಿಟ್ಟಿತ್ತು. ಅಚ್ಚಿನೊಳಗಿಂದ ಬಂದ ವೈರುಗಳು ಹಗ್ಗ ಹೊಸೆದಂತೆ ಸುತ್ತಿಕೊಂಡು ಹರಿದಿದ್ದವು. ಇಳಿದು ನೋಡುತ್ತಲೇ ಅವನಿಗೆ ತಿಳಿಯಿತು. ವಾಷರಿನ ಆ ನಾಲಿಗೆ ಇದ್ದದ್ದು ಸಡಿಲು ಮುಚ್ಚಲಿಕ್ಕಲ್ಲ, ಫೋರ್ಕಿಗೆ ಸಿಕ್ಕಿಕೊಂಡು ಅಚ್ಚು ತಿರುಗದಂತೆ ಹಿಡಿಯಲಿಕ್ಕೆ. ಇಷ್ಟು ವರ್ಷದ ಅನುಭವ ಎಂದು ಎದೆ ಉಬ್ಬಿಸಿದ್ದೇ ಬಂತು.

ಇನ್ನು ತುಳಿಯುವಂತಿರಲಿಲ್ಲ. ವೈರು ಒಂದಕ್ಕೊಂದು ತಾಗಿ ಗಾಲಿ ಬಿಗಿದಿತ್ತು, ತಳ್ಳಿದರೆ ಹಟಮಾರಿ ಎತ್ತಿನಂತೆ ಹಿಂದಕ್ಕೇ ಜಗ್ಗುತ್ತಿತ್ತು. ರಜೆ ಹಾಕಿದರೆ ಯಾಕೆಂದು ಕೇಳುತ್ತಾರೆ. ಹಾಗಾಗಿ ನಾಲ್ಕು ಕಿಲೋಮೀಟರ್ ಅದನ್ನು ತಳ್ಳಿಕೊಂಡು, ಅದರ ಮೇಲೇ ಭಾರ ಹಾಕಿಕೊಂಡು ನಡೆದ. ಮೂರು ಸಲ ಕುಳಿತ. ಪ್ರತಿ ಸಲ ಏಳುವಾಗಲೂ ಇನ್ನು ಏಳಬಾರದು ಎನಿಸಿತು.

ಗೇಟಿಗೆ ಬಂದಾಗ ಒಂದು ತಾಸು ತಡವಾಗಿತ್ತು. ಸೂಪರ್‌ವೈಸರ್ ಕಲ್ಯಾಣಪ್ಪ ಅಲ್ಲೇ ನಿಂತಿದ್ದ. ಭಾಲ್ಕಿ ಕಡೆಯವನು, ಒಂದು ಕಾಲಕ್ಕೆ ಇವನ ಕೈಕೆಳಗೇ ಅರ ಹಿಡಿಯಲು ಕಲಿತವನು.

"ಯಾಕ್ ಕಾಕಾ, ನಡಕೊಂತ ಬಂದ್ರಿ?"

"ಸೈಕಲ್ ಕೆಟ್ಟೈತಿ."

"ಕಾಲು?"

"ಕಾಲಿಗೇನಾಗೇತಿ? ದಾರ್ಯಾಗ ಈಗ ಉಳುಕೇತಿ."

ಕಲ್ಯಾಣಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಆರು ತಿಂಗಳಾತು, ನಿಮಗ ಕುಂತು ಮಾಡೋ ಕೆಲಸಾನ ಕೊಡಾಕತ್ತೀನಿ. ಯಾಕಂತ ಒಂದ್ ದಿನಾನೂ ನೀವು ಕೇಳ್ಲಿಲ್ಲ."

ಸ್ಟೂಲಿನ ಮೇಲೆ ಕುಳಿತು ವಾಲ್ವಿಗೆ ಗೇಜು ಹಿಡಿದು ಅಳತೆ ನೋಡುವ ಕೆಲಸ ಅದು. ಇಡೀ ಕಾರ್ಖಾನೆಯಲ್ಲಿ ತನ್ನಷ್ಟು ಚೊಕ್ಕ ಕಣ್ಣು ಇನ್ನೊಬ್ಬರಿಗಿಲ್ಲ, ಅದಕ್ಕೇ ಕೊಟ್ಟಿದ್ದಾರೆ ಎಂದು ಗುರುಬಾಯಿಯ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದನೋ.

"ಎಲ್ಲಾರಿಗೂ ಗೊತ್ತೈತೇನು?"

"ಮಾಲೀಕರಿಗಷ್ಟ ಗೊತ್ತಿಲ್ಲರಿ. ಯಾರೂ ಹೇಳೂದಿಲ್ಲ, ನೀವು ಕಾಳಜಿ ಬಿಡ್ರಿ."

ಸಿಟ್ಟು ಬರಬೇಕಿತ್ತು, ಅದಕ್ಕೂ ಶಕ್ತಿ ಉಳಿದಿರಲಿಲ್ಲ. ಯಾರ ಕಣ್ಣಿಗೆ ಮಣ್ಣೆರಚಲು ಒಂದೂವರೆ ವರ್ಷ ಆ ನೋವು ನುಂಗಿದ್ದನೋ ಅವರೆಲ್ಲ ನೋಡಿಯೂ ನೋಡದವರಂತೆ ಇದ್ದರು. ನಾಚಿಕೆಯಾಯಿತು, ಜೊತೆಗೆ ಅತ್ತುಬಿಡುವಷ್ಟು ಹಗುರವೂ ಆಯಿತು. ಶಿವಶರಣಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ, ಹೋಗಿ ಬರುವವರೆಲ್ಲರ ಎದುರು ಗೇಟಿನ ಕಟ್ಟೆಯ ಮೇಲೆ ಕುಳಿತು, ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡ. ಯಾರೂ ನಿಂತು ನೋಡಲಿಲ್ಲ.