ಮರವಂತೆಯ ಮೂಗು

ಜಲಜಳಿಗೆ ಕಣ್ಣಿಗಿಂತ ಮೂಗಿನ ಮೇಲೆ ನಂಬಿಕೆ ಹೆಚ್ಚು. ಯಾರ ಮನೆಯಲ್ಲಿ ನೀರು ಕೊಟ್ಟರೂ ಲೋಟ ಮೊದಲು ಮೂಗಿಗೆ, ಆಮೇಲೆ ತುಟಿಗೆ. ಮದುವೆ ಊಟದಲ್ಲಿ ಬಡಿಸುವವನನ್ನು ತಡೆದು ಸಾಂಬಾರಿನ ಬಕೆಟ್ಟಿಗೇ ಮೂಗು ತೂರಿಸಿದ ಮಹಾತಾಯಿ ಅವಳು. ಗಂಡ ಶೇಖರನ ಅಕ್ಕನ ಮನೆಗೆ ಹೋದಾಗ ಫ್ರಿಜ್ಜಿನ ಬಾಗಿಲನ್ನು ತಾನೇ ತೆಗೆದು, "ಇದ್ರೊಳ್ಗ್ ಎಂತ ಸತ್ತಿತ್?" ಎಂದು ಕೇಳಿದ್ದಳು. ಅಂದಿನಿಂದ ಆ ಅಕ್ಕ ಇವರನ್ನು ಹಬ್ಬಕ್ಕೂ ಕರೆಯುವುದಿಲ್ಲ. ಜಲಜಳಿಗೆ ಅದರ ಬೇಸರ ಎಳ್ಳಷ್ಟೂ ಇಲ್ಲ. ನಾರುವ ಮನೆಯವರು ಕರೆದರೆಷ್ಟು, ಬಿಟ್ಟರೆಷ್ಟು!

ಮರವಂತೆಯ ಹೆದ್ದಾರಿ ಬದಿಯಲ್ಲಿ ಅವಳದ್ದು ಮೀನಿನ ಅಂಗಡಿ. ಮಗಳು ನವ್ಯಶ್ರೀ ಯತೀಶ್ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಜಾತಿ ಒಂದೇ, ಹುಡುಗನೂ ಪರವಾಗಿಲ್ಲ, ಆದರೆ ಮನೆ ಇದ್ದದ್ದು ಒಳನಾಡಿನ ಶಂಕರನಾರಾಯಣದಲ್ಲಿ. ಊರಿನ ಹೆಸರು ಕೇಳಿಯೇ ಜಲಜ ಮೂಗು ಮುರಿದಳು.

"ಕಡ್ಲ್ ಕಾಣದ್ ಜನ. ಐಸಿನೊಳ್ಗ್ ಕೊಳ್ತದ್ದನ್ನೇ ಮೀನ್ ಅಂದ್ಕಂಡ್ ತಿಂತ್ರ್," ಎಂದು ವಾರವಿಡೀ ಒಂದೇ ರಾಗ. "ಅಲ್ ಹೋದ್ರೆ ನಿನ್ ನಾಲಿಗಿ ಸತ್ತೇ ಹೋತ್ತ್."

"ನಾ ಮದ್ವಿ ಆಪ್ದ್ ಯತೀಶನ್ನ, ಮೀನನ್ನ ಅಲ್ಲ," ಎಂದಳು ನವ್ಯಶ್ರೀ.

ಕೊನೆಗೆ ಒಂದು ಭಾನುವಾರ ಹುಡುಗನ ಮನೆ ನೋಡಲು ಹೊರಟರು. ಮಗಳೂ ಹೊರಟಳು; ಈಗಿನ ಮಕ್ಕಳಿಗೆ ಬೇಡ ಎನ್ನುವವರು ಯಾರು? ಆ ಮನೆಯ ಅಡುಗೆ ನಾರಿದರೆ ಸಂಬಂಧ ಬೇಡ ಎಂದು ಜಲಜ ಮೊದಲೇ ಖಡಾಖಂಡಿತ ಹೇಳಿಬಿಟ್ಟಿದ್ದಳು. ಹಾಗಾಗಿ ಕಾರಿನಲ್ಲಿ ಮಗಳು ಬೇಡಿಕೊಂಡಳು: "ಅಮ್ಮ, ಇವತ್ತೊಂದ್ ದಿನ ಮೂಸ್ಬೇಡ. ನಿನ್ ಕಾಲಿಗ್ ಬೀಳ್ತೆ."

ಎಲ್ಲಿಯ ಮಾತು! ಯತೀಶನ ತಾಯಿ ಸರಸ ಬೆಲ್ಲ, ನೀರು ತಂದಿಟ್ಟ ಕೂಡಲೇ ಲೋಟ ಮೂಗಿಗೆ ಹೋಯಿತು. ಕೈ ತೊಳೆಯುವ ನೆಪದಲ್ಲಿ ಜಲಜ ಅಡುಗೆಮನೆ ಹೊಕ್ಕಳು. ಒರೆಸುವ ಬಟ್ಟೆ ಮೂಸಿದಳು, ಮಜ್ಜಿಗೆಯ ಪಾತ್ರೆ ಮೂಸಿದಳು, ಕಾಯಿ ತುರಿದಿಟ್ಟ ಬಟ್ಟಲನ್ನೂ ಬಿಡಲಿಲ್ಲ. ಮೀನಿನ ಸಾರು ಮಾತ್ರ ಹಿತ್ತಿಲಿನ ಒಲೆಯ ಮೇಲಿತ್ತು, ಅವಳ ಮೂಗಿಗೆ ಸಿಗಲಿಲ್ಲ. ಹಾಳಾದದ್ದು, ಎಲ್ಲವೂ ಚೊಕ್ಕ! ಒಂದಾದರೂ ಹಳಸಿರಬಾರದೇ ಎಂದು ಅವಳಿಗೆ ಕೆಟ್ಟ ಸಿಟ್ಟು ಬಂತು.

ಊಟಕ್ಕೆ ಬಾಳೆಲೆ ಹಾಕಿದರು. ಕುಚ್ಚಲಕ್ಕಿ ಅನ್ನದ ಮೇಲೆ ಬಂಗುಡೆ ಸಾರು ಬಿದ್ದದ್ದೇ ತಡ, ಜಲಜಳ ಮುಖ ಅರಳಿತು. ಹುಳಿ ಖಾರ ಎಷ್ಟು ಹಾಕಿದರೂ ಮುಚ್ಚದ ನಾತ ಅದು. ಸಿಕ್ಕಿತಲ್ಲ!

"ಸರಸಕ್ಕ, ಬೇಜಾರ್ ಮಾಡ್ಕಣ್ಬೇಡಿ. ಈ ಬಂಗ್ಡಿ ಮೂರ್ ದಿನದ್. ತಿಂದ್ರೆ ಮೈಯೆಲ್ಲ ತುರ್ಸುತ್ತ್. ನಮ್ಮಲ್ಲ್ ಇದನ್ನ್ ಬೆಕ್ಕೂ ಮುಟ್ಟುದಿಲ್ಲ."

ಶೇಖರ ತಲೆ ತಗ್ಗಿಸಿದ. ಯತೀಶನ ಮುಖ ಕಪ್ಪಿಟ್ಟಿತು. ನವ್ಯಶ್ರೀಯ ಕಣ್ಣಲ್ಲಿ ನೀರು. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು, ಆದರೆ ಗೆದ್ದವಳ ಬಾಯಿ ಸುಮ್ಮನಿರಬೇಕಲ್ಲ.

"ಯಾವ್ ಕಳ್ಳ ಕೊಟ್ಟದ್ ನಿಮ್ಗ್ ಇದನ್ನ್? ಹೆಸ್ರ್ ಹೇಳಿ, ನಾ ಗ್ರಹಚಾರ ಬಿಡಿಸ್ತೆ!"

ಸರಸ ಸೌಟು ಹಿಡಿದೇ ತಡವರಿಸಿದಳು. "ಗಣಪ, ಹ್ವಾಯ್... ಬೈಕಿಗ್ ಪೆಟ್ಟಿ ಕಟ್ಕಂಡ್ ಬತ್ತ ಅಲ್ದಾ, ಅವ. ನೀವ್ ಬತ್ರಿ ಅಂದೇಳಿ ಒಳ್ಳೆ ಮೀನ್ ಕೇಂಡೆ. 'ಇದ್ ಮರವಂತಿ ಜಲಜಕ್ಕನ್ ಅಂಗ್ಡಿದ್' ಅಂದ. ನಿಮ್ದೇ ಮೀನ್ ಅಂದ್ಮೇಲೆ ಕಣ್ ಮುಚ್ಚಿ ತಕಂಡೆ."

ಜಲಜಳ ವ್ಯಾಪಾರದ ಗುಟ್ಟನ್ನು ಈಗ ಹೇಳದೆ ವಿಧಿಯಿಲ್ಲ. ಅವಳ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮೀನು ತಿಪ್ಪೆಗೆ ಹೋಗುವುದಿಲ್ಲ. ಮತ್ತೆ ಮತ್ತೆ ಐಸ್ ಹಾಕಿಸಿಕೊಂಡು, ಕಿವಿರು ಬೆಳ್ಳಗಾದ ಮೇಲೆ ಗಣಪನ ಪೆಟ್ಟಿಗೆ ಸೇರಿ ಮೂಡುದಿಕ್ಕಿನ ಒಳನಾಡಿನ ಊರುಗಳಿಗೆ ಹೋಗುತ್ತದೆ. ಆ ಜನಕ್ಕೆ ಮೀನಿನ ವಾಸನೆ ಎಂತ ಗೊತ್ತಾಗುತ್ತದೆ ಎಂಬುದು ಅವಳ ಧೈರ್ಯ. ಗಣಪ ಅದನ್ನು ಯಾರ ಅಂಗಳದಲ್ಲಿ ಮಾರುತ್ತಾನೆಂದು ಅವಳು ಯಾವತ್ತೂ ಕೇಳಿದವಳಲ್ಲ.

"ಓ... ನಂಗ್ ನಿನ್ನಿಯಿಂದ ಶೀತ ಸರಸಕ್ಕ, ಮೂಗ್ ಸಮ ಇಲ್ಲ," ಎಂದಳು ಜಲಜ. "ಮೀನ್ ಲಾಯ್ಕ್ ಇತ್ತ್." ಹಾಗೆಂದು ಒಂದು ತುಂಡು ಬಾಯಿಗೆ ಹಾಕಿ ಅಗಿಯದೆ ನುಂಗಿದಳು. ಥೂ, ಎಂಥ ಜನ್ಮ!

ಪಾಪ, ಸರಸಳಿಗೆ ಹೋದ ಜೀವ ಬಂದಂತಾಯಿತು. "ಅಯ್ಯೋ ದೇವ್ರೇ, ಹೆದ್ರಿಸೇ ಬಿಟ್ರಿ! ಇನ್ನ್ ನಿಮ್ಗೆಂತ ಚಿಂತಿ ಜಲಜಕ್ಕ? ನಿಮ್ ಮಗ್ಳ್ ಇಲ್ಲ್ ಬಂದ್ರೂ ದಿನಾ ತಾಯಿಮನಿ ಮೀನೇ ತಿಂತ್ಳ್," ಎನ್ನುತ್ತ ದೊಡ್ಡ ತುಂಡನ್ನೇ ಆರಿಸಿ ನವ್ಯಶ್ರೀಯ ಎಲೆಗೆ ಬಡಿಸಿದಳು.

ಗಣಪನ ಪೆಟ್ಟಿಗೆಗೆ ಎಂಥ ಮೀನು ಹೋಗುತ್ತದೆಂದು ನವ್ಯಶ್ರೀಗೆ ಚೆನ್ನಾಗಿ ಗೊತ್ತಿತ್ತು. ಅವಳು ತುಂಡು ಮುರಿದು ಬಾಯಿಯ ಹತ್ತಿರ ಹಿಡಿದು ತಾಯಿಯನ್ನೇ ನೋಡಿದಳು. ತಿನ್ನಬೇಡ ಮಗಾ ಎಂದರೆ ಸಾಕಿತ್ತು. ಜಲಜಳ ಬಾಯಿ ತೆರೆಯಿತು. ಆದರೆ ಹಾಗೆಂದರೆ ಮರವಂತೆಯ ಜಲಜಕ್ಕನ ಮೀನು ಕೊಳೆತದ್ದೆಂದು ಬೀಗರ ಮುಂದೆ ತಾನೇ ಒಪ್ಪಿಕೊಂಡಂತೆ. ತೆರೆದ ಬಾಯಿಗೆ ಅವಳು ಅನ್ನ ತುಂಬಿಕೊಂಡಳು.

ನವ್ಯಶ್ರೀ ತಿಂದಳು. ಮುಳ್ಳು ಬಿಡಿಸಿ, ನಿಧಾನವಾಗಿ, ಎಲೆಯಲ್ಲಿ ಚೂರೂ ಉಳಿಸದೆ ತಿಂದಳು.

"ಅತ್ತೆ, ಇನ್ನೊಂದ್ ತುಂಡ್ ಹಾಕಿ," ಎಂದಳು. ಆಮೇಲೆ ಅವಳು ತಾಯಿಯ ಕಡೆ ತಿರುಗಿ ನೋಡಲಿಲ್ಲ.