ಮಿಲಾನ್ ಆದಮೇಲೆ

"ಮಿಲಾನ್ ಆದ್ಮೇಲೆ ಯಾವ ಊರು? ಸ್ವಲ್ಪ ಜೋರಾಗಿ ಹೇಳ್ರೋ."

ಪ್ಲೈವುಡ್ ಗೋಡೆಯ ಆಚೆಯಿಂದ, ಹಾಸಿಗೆ ಹಿಡಿದಿದ್ದ ಅತ್ತೆಯ ದನಿ ಬಂದದ್ದೇ, ಊಟದ ಮೇಜಿನ ಮೇಲೆ ಯುರೋಪಿನ ನಕಾಶೆ ಹರಡಿಕೊಂಡು ಕೂತಿದ್ದ ಗಂಡ ಹೆಂಡತಿ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಬೆಚ್ಚಿದರು. ಗಂಡನ ಬೆರಳು ಆಲ್ಪ್ಸ್ ಬೆಟ್ಟಗಳ ಕೆಳಗೆ ಎಲ್ಲಿತ್ತೋ ಅಲ್ಲೇ ನಿಂತಿತು. ಮುದುಕಿಗೆ ನಿದ್ದೆ ಹತ್ತಿದೆ ಎಂದುಕೊಂಡೇ ಅವರು ಪಿಸುಗುಟ್ಟುತ್ತಿದ್ದದ್ದು.

ಭಾನುವಾರ ಮಧ್ಯಾಹ್ನದ ಈ ಪಿಸುಮಾತು ಶುರುವಾಗಿ ಕೆಲವು ವರ್ಷಗಳೇ ಆಗಿದ್ದವು. ಪ್ಯಾರಿಸ್ಸಿನಲ್ಲಿ ರೈಲು ಹತ್ತುವುದು, ಜ್ಯೂರಿಕ್, ಮಿಲಾನ್, ವೆನಿಸ್, ವಿಯೆನ್ನಾ, ಕೊನೆಗೆ ಪ್ರಾಗ್. ಎಲ್ಲಿ ಇಳಿಯಬೇಕು, ಕಿಟಕಿಯ ಪಕ್ಕ ಯಾರು ಕೂರಬೇಕು ಎಂಬುದೆಲ್ಲ ಜಗಳವಾಡಿ ತೀರ್ಮಾನವಾಗಿತ್ತು. ಯಾವಾಗ ಎನ್ನುವುದನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. 'ಆಮೇಲೆ' ಅನ್ನುತ್ತಿದ್ದರು. ಯಾವುದರ ಆಮೇಲೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ; ಅದು ಪ್ಲೈವುಡ್ಡಿನ ಆಚೆ ಮಲಗಿತ್ತು.

ಅವನಿಗೆ ಬಸ್ ಗ್ಯಾರೇಜಿನಲ್ಲಿ ಹರಿದ ಸೀಟುಗಳಿಗೆ ಹೊಸ ರೆಕ್ಸಿನ್ ಹೊಲಿಯುವ ಕೆಲಸ. ಸೀಟಿನ ಮೇಲೆ ಕೂತು ಎಲ್ಲಿಗಾದರೂ ಹೋಗುವುದು ಬೇರೆಯವರ ಕೆಲಸ ಎಂದು ಅವನೇ ತಮಾಷೆ ಮಾಡುತ್ತಿದ್ದ. ಅವಳು ಲಾಂಡ್ರಿಯಲ್ಲಿ ಹೋಟೆಲುಗಳ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನಿಂತು ನಿಂತು ಬಲಗಡೆಯ ಸೊಂಟದ ಕೀಲು ಸವೆದಿತ್ತು. ನಡೆಯುವುದು ಏನಿದ್ದರೂ ಈಗಲೇ, ಇನ್ನು ಸ್ವಲ್ಪ ಕಾಲ ಹೋದರೆ ಕೋಲು ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅವಳು ಗಂಡನಿಗೆ ಅರ್ಧ ಮಾತ್ರ ಹೇಳಿದ್ದಳು. ಇಸ್ತ್ರಿಯ ಹಬೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವಳನ್ನು ನಿಲ್ಲಿಸಿದ್ದು ಆ ಊರುಗಳ ಹೆಸರುಗಳೇ.

ಆ ಭಾನುವಾರದ ನಂತರ ಪಿಸುಗುಟ್ಟುವುದಕ್ಕೆ ಅರ್ಥವಿರಲಿಲ್ಲ. ಅತ್ತೆ ಮಾತು ಬಿಡುವವರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವಿದೇಶದ ಕರೆ ಜೋಡಿಸುವ ಆಪರೇಟರ್ ಆಗಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಪ್ರಾಯ ಕಳೆದವರು. ವಿಯೆನ್ನಾ, ಮಿಲಾನ್ ಎಲ್ಲ ಅವರಿಗೆ ಗೊರಗೊರ ಸದ್ದಿನ ಆಚೆ ಕೇಳುವ ಹೆಂಗಸರ ದನಿಗಳು. ಆ ಹೆಂಗಸರು ಕೂತಿದ್ದ ಊರು ಹೇಗಿತ್ತು ಅಂತ ಹೇಳಿ ಎಂದು ಹಟ ಹಿಡಿದರು. ಹೇಳದಿದ್ದರೆ ಚಮಚಕ್ಕೆ ಬಾಯಿ ತೆರೆಯುತ್ತಿರಲಿಲ್ಲ. ಹಾಗಾಗಿ ಸಂಜೆ ಸೂಪು ಕುಡಿಸುವಾಗ ಅವಳು, ಮಗ್ಗುಲು ಬದಲಿಸುವಾಗ ಅವನು, ಸರದಿಯಂತೆ ರೈಲು ಓಡಿಸತೊಡಗಿದರು. ಕಾಣದ್ದನ್ನೆಲ್ಲ ಕಂಡಂತೆ ಹೇಳಿದರು. ರೈಲು ಸುರಂಗದೊಳಗೆ ಹೋಯಿತು ಎಂದಾಗ ಮುದುಕಿ ಕಣ್ಣು ಮುಚ್ಚುತ್ತಿದ್ದರು, ಹೊರಗೆ ಬಂದಿತು ಎಂದಾಗ ತೆರೆಯುತ್ತಿದ್ದರು.

ಮುದುಕಿಯ ಮುಖಕ್ಕೆ ಕಳೆ ಬಂತು. ನೋಡಲು ಬಂದ ನರ್ಸು ನಾಡಿ ಹಿಡಿದು, ಪರವಾಗಿಲ್ಲವಲ್ಲ, ಏನು ಕೊಡುತ್ತಿದ್ದೀರಿ ಎಂದು ಕೇಳಿದಳು. ರೈಲು ಟಾನಿಕ್ ಎಂದು ಅವನು ನಕ್ಕ. ಹೆಂಡತಿ ನಗಲಿಲ್ಲ. ಅತ್ತೆಗೆ ಹೇಳಿ ಮುಗಿಸಿದ ಊರು ಮರುದಿನ ಇಸ್ತ್ರಿಯ ಮುಂದೆ ಅವಳಿಗೆ ನೆನಪಾಗುತ್ತಿರಲಿಲ್ಲ. ಜ್ಯೂರಿಕ್ ಹೋಯಿತು, ಮಿಲಾನ್ ಹೋಯಿತು. ತನ್ನ ಪಾಲಿನದನ್ನು ಚಮಚ ಚಮಚವಾಗಿ ಮುದುಕಿಯ ಬಾಯಿಗೆ ಹಾಕುತ್ತಿದ್ದೇನೆ ಅನ್ನಿಸುತ್ತಿತ್ತು. ಛೆ, ಎಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡು ಇನ್ನೊಂದು ಚಾದರ ಎಳೆದುಕೊಳ್ಳುತ್ತಿದ್ದಳು.

ವೆನಿಸ್ ಮುಗಿಯುವ ಹೊತ್ತಿಗೆ ಗಂಡ ಗ್ಯಾರೇಜಿನಲ್ಲಿ ಮಿಕ್ಕ ಹಸಿರು ರೆಕ್ಸಿನ್ನಿನಿಂದ ಅವಳಿಗೊಂದು ಚೀಲ ಹೊಲಿದು ತಂದ. ಎರಡೆರಡು ಹೊಲಿಗೆ, ಹಿಡಿಗೆ ಒಳಗಿನಿಂದ ಪಟ್ಟಿ. "ಹತ್ತು ಸಲ ಯುರೋಪ್ ಸುತ್ತಿದ್ರೂ ಹರಿಯಲ್ಲ ಕಣೇ," ಎಂದ. ಅವಳು ಅದನ್ನು ಬೀರುವಿನ ಮೇಲಿಟ್ಟಳು. ಮನೆಗೆಲಸ ಮಾಡುತ್ತ ಆಗಾಗ ತಲೆಯೆತ್ತಿ ನೋಡುತ್ತಿದ್ದಳು.

ಒಂದು ಸಂಜೆ, ಅವಸರವೋ ಆಯಾಸವೋ, ಅವನು ವಿಯೆನ್ನಾದಿಂದ ಒಂದೇ ಉಸಿರಿಗೆ ಪ್ರಾಗ್ ತಲುಪಿಸಿಬಿಟ್ಟ. ನದಿ ಬಂತು, ಸೇತುವೆ ಬಂತು, ಇಳಿದೆವು, ಮುಗಿಯಿತು ಎಂದ. ಅತ್ತೆ ಮಗನ ಮುಖ ನೋಡಿ ಕೇಳಿದರು:

"ಹಾಗಾದ್ರೆ ಯಾವಾಗ ಹೊರಡ್ತೀರಿ?"

ಅವನು ಹೊದಿಕೆಯ ಅಂಚು ಸರಿಮಾಡಿದ. ಅವಳು ಖಾಲಿ ಬಟ್ಟಲನ್ನು ಮತ್ತೆ ಕೆರೆದಳು.

"ನೋಡೋಣ ಅಮ್ಮ. ಆಮೇಲೆ."

"ಆಮೇಲೆ ಅಂತ ನೀವು ಗೋಡೆಯಾಚೆ ಹೇಳೋದು ನನಗೆ ಮೊದ್ಲಿಂದ್ಲೂ ಕೇಳಿಸ್ತಿತ್ತು ಕಣೋ. ಕಿವಿ ಚೆನ್ನಾಗೇ ಇದೆ," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸೊಸೆಯ ಕಡೆ ತಿರುಗಿ, "ಚಳಿಗೆ ಮುಂಚೆ ಹೊರಟುಬಿಡಿ. ನಿನ್ನ ಸೊಂಟಕ್ಕೆ ಚಳಿ ಆಗಿಬರಲ್ಲ," ಎಂದರು.

ಮರುದಿನದಿಂದ ಅವರು ಬಾಯಿ ತೆರೆಯಲಿಲ್ಲ. ಹಟವೂ ಇಲ್ಲ, ಗಲಾಟೆಯೂ ಇಲ್ಲ; ಚಮಚ ಬಂದಾಗ ಮುಖ ಗೋಡೆಯ ಕಡೆಗೆ ತಿರುಗುತ್ತಿತ್ತು, ಅಷ್ಟೆ. ವಯಸ್ಸಾದವರಿಗೆ ಹೀಗಾಗುತ್ತದೆ, ಬಲವಂತ ಮಾಡಬೇಡಿ ಎಂದಳು ನರ್ಸು. ಗಂಡ ರಜೆಯ ಬಗ್ಗೆ ಗ್ಯಾರೇಜಿನಲ್ಲಿ ಕೇಳಿ ನೋಡಿದ್ದೇನೆ ಎಂದ. ಯಾವ ರಜೆ ಎಂದು ಅವಳು ಕೇಳಲಿಲ್ಲ. ಮಲಗಿ ಮಲಗಿ ಅತ್ತೆಯ ಹಿಮ್ಮಡಿಗಳು ಕೆಂಪಾಗಿದ್ದವು. ಅವಳು ಪೌಡರ್ ಹಚ್ಚಿದಳು. ಕಾಲುಗಳು ಒಗೆದು ಹಿಂಡಿದ ಬಟ್ಟೆಯಷ್ಟು ಹಗುರಾಗಿದ್ದವು. ಅವಳಿಗೆ ಗೊತ್ತಾಯಿತು: ಸುಮ್ಮನಿದ್ದರೆ ಸಾಕು. ಚಳಿಗೆ ಮುಂಚೆಯೇ ಹೊರಡಬಹುದು. ಯಾರೂ ಅವಳನ್ನು ಒಂದು ಮಾತೂ ಅನ್ನುವುದಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಬಟ್ಟಲಲ್ಲಿ ಸೂಪು ಹಿಡಿದು ಮಂಚದ ಅಂಚಿಗೆ ಕೂತಳು. ಎಷ್ಟೋ ಹೊತ್ತು ಚಮಚ ಆಡಿಸುತ್ತಲೇ ಇದ್ದಳು. ಸೂಪಿನ ಮೇಲೆ ಹಬೆಯಾಡುವುದು ನಿಂತಿತು.

"ಅತ್ತೆ, ನಾವಿನ್ನೂ ಪ್ರಾಗ್ ಮುಟ್ಟೇ ಇಲ್ಲ," ಎಂದಳು. "ನಿಮ್ಮ ಮಗ ತಪ್ಪು ಹೇಳಿದ್ರು. ವಿಯೆನ್ನಾದಿಂದ ನೇರ ರೈಲಿಲ್ಲವಂತೆ, ಯಾವುದೋ ಸೇತುವೆ ರಿಪೇರಿ. ಬುಡಾಪೆಸ್ಟ್ ಸುತ್ಕೊಂಡು ಹೋಗ್ಬೇಕು."

ಗೋಡೆಯ ಕಡೆಗಿದ್ದ ಮುಖ ಅಲುಗಾಡಲಿಲ್ಲ. ಅವಳು ಚಮಚ ತುಂಬಿಸಿ ಹಿಡಿದಳು.

"ತುಂಬಾ ಸುತ್ತಾಗುತ್ತಲ್ಲೇ," ಎಂದರು ಅತ್ತೆ ಕೊನೆಗೆ.

"ಆಗುತ್ತೆ."

"ನಿನ್ನ ಸೊಂಟ?"

"ಕೂತ್ಕೊಂಡೇ ತಾನೆ ಹೋಗೋದು."

ಮುದುಕಿ ನಿಧಾನವಾಗಿ ಈ ಕಡೆ ತಿರುಗಿ ಸೊಸೆಯ ಮುಖವನ್ನು, ಅದರಲ್ಲಿ ಏನನ್ನೋ ಹುಡುಕುವಂತೆ, ನೋಡಿದರು. "ಅವನು ಚಿಕ್ಕಂದಿನಿಂದಲೂ ಹಾಗೇ," ಎಂದರು. "ಅವಸರದ ಪಿಂಡ." ಆಮೇಲೆ ಬಾಯಿ ತೆರೆದರು.

ಗೋಡೆಯಾಚೆ ನಕಾಶೆ ಬಿಚ್ಚಿದ ಸದ್ದಾಯಿತು. ಮಡಿಕೆಗಳು ಸವೆದು ಹೋಗಿದ್ದರಿಂದ ಅವನು ಮೆಲ್ಲಗೆ ಬಿಚ್ಚುತ್ತಿದ್ದ. ಬುಡಾಪೆಸ್ಟ್ ಎಲ್ಲಿದೆ ಎಂದು ಹುಡುಕುತ್ತಿರಬೇಕು.

ಸೂಪು ಮುಗಿದ ಮೇಲೆ ಅವಳು ಎದ್ದು, ಸೊಂಟ ಹಿಡಿದುಕೊಂಡೇ, ಬೀರುವಿನ ಮೇಲಿಂದ ಹಸಿರು ಚೀಲ ಇಳಿಸಿದಳು. ಅದರೊಳಗೆ ಹಳೆಯ ಸೀರೆಗಳನ್ನು ಗಟ್ಟಿಯಾಗಿ ತುರುಕಿ ಜಿಪ್ ಎಳೆದಳು. ಅತ್ತೆಯ ಕಾಲುಗಳನ್ನು ಎತ್ತಿ ಅದರ ಮೇಲಿಟ್ಟಳು. ಕೆಂಪಾದ ಹಿಮ್ಮಡಿಗಳು ಚೀಲದ ಅಂಚಿನಾಚೆಗೆ, ಹಾಸಿಗೆಗೆ ತಾಗದಂತೆ, ಗಾಳಿಯಲ್ಲಿ ನಿಂತವು.